ಮೇಲ್‌ಗೋಸ್ಕರ ಫೋನ್ ತಗೋತಿದೀರಾ? ಅಂಗಡಿಗೆ ಹೋಗೋ ಮುಂಚೆ ಇಷ್ಟು ನೋಡ್ಕೊಳ್ಳಿ

ಹೋದ ತಿಂಗಳು ನಮ್ಮ ಷಡ್ಡಕ ಫೋನ್ ಮಾಡಿ "ಭಾವ, ಬ್ಲ್ಯಾಕ್‌ಬೆರಿ ತಗೊಳ್ಳೋದಾ ನೋಕಿಯಾ ತಗೊಳ್ಳೋದಾ, ಒಂದೇ ಮಾತಲ್ಲಿ ಹೇಳ್ಬಿಡಿ" ಅಂದ್ರು. ಒಂದೇ ಮಾತಲ್ಲಿ ಹೇಳಕ್ಕೆ ಆಗಲ್ಲ ಮಾರಾಯ್ರೆ ಅಂದೆ. ಅವರದ್ದು ತೀರ್ಥಹಳ್ಳಿ ಹತ್ರ ತೋಟದ ಮನೆ, ಅದರಲ್ಲೇ ಮೂರು ರೂಮ್ ಹೋಂಸ್ಟೇ ಮಾಡಿದಾರೆ, ಬೆಂಗಳೂರಿಂದ ಬುಕಿಂಗ್ ಕೇಳ್ಕೊಂಡು ಮೇಲ್ ಬರುತ್ತೆ, ಇವರು ಎರಡು ದಿನಕ್ಕೊಂದ್ಸಲ ಪೇಟೆಗೆ ಹೋಗಿ ಸೈಬರ್‌ನಲ್ಲಿ ಕೂತು ನೋಡೋ ಹೊತ್ತಿಗೆ ಆ ಜನ ಬೇರೆ ಕಡೆ ರೂಮ್ ಹಿಡಿದಿರ್ತಾರೆ. ನಾನು ಪಂಪ್‌ಸೆಟ್ ಸೇಲ್ಸ್‌ನಲ್ಲಿರೋನು, ಶಿವಮೊಗ್ಗದಿಂದ ಸಾಗರ, ಹೊಸನಗರ, ಸೊರಬ ಅಂತ ಬೈಕಲ್ಲೇ ತಿರುಗಾಟ, ಎರಡೂವರೆ ವರ್ಷದಲ್ಲಿ ಮೂರು ಮೇಲ್ ಫೋನ್ ಕೈಯಲ್ಲಿ ಹಿಡಿದು ಮಳೆ, ಧೂಳು, ಬೀಳೋದು ಎಲ್ಲಾ ಮಾಡಿಸಿದೀನಿ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ.

ಇದನ್ನ ಬರೀತಿರೋದು 2010ರ ಫೆಬ್ರವರಿಲಿ, ಮುಂದೆ ಹೇಳೋ ಫೋನು, ಪ್ಲಾನು, ನಿಯಮ ಎಲ್ಲಾ ಆಗಿನದ್ದೇ. ಮೇಲ್ ಬರೋ ಫೋನ್ ಬೇಕು ಅಂದ್ರೆ ಅಂಗಡಿಯವರು ಟೇಬಲ್ ಮೇಲಿಡೋದು ಹೆಚ್ಚುಕಮ್ಮಿ ಇವೇ: ನೋಕಿಯಾ ಇ63, ಇ71, ಈಗಷ್ಟೇ ಬಂದಿರೋ ಇ72, ಬ್ಲ್ಯಾಕ್‌ಬೆರಿ ಕರ್ವ್ 8520, ಜೇಬು ದಪ್ಪ ಇದ್ರೆ ಬ್ಲ್ಯಾಕ್‌ಬೆರಿದೇ ಬೋಲ್ಡ್, ಇನ್ನೂ ದಪ್ಪ ಇದ್ರೆ ಐಫೋನ್. ವಿಂಡೋಸ್ ಮೊಬೈಲ್ ಸೆಟ್‌ಗಳೂ ಇವೆ, ಕಡ್ಡಿ ಇಟ್ಕೊಂಡು ಕುಟ್ಟೋದು, ಬೈಕಲ್ಲಿ ತಿರುಗೋರಿಗೆ ಆ ಕಡ್ಡಿ ಒಂದು ತಿಂಗಳೂ ಉಳಿಯಲ್ಲ, ಅದರ ವಿಷಯ ಇಲ್ಲಿಗೇ ಬಿಡ್ತೀನಿ.

ಮೊದಲ್ನೇದು, ನಿಮ್ಮ ಮೇಲ್ ಎಲ್ಲಿದೆ ನೋಡಿ

ಎಲ್ರೂ ಫೋನಿಂದ ಶುರು ಮಾಡ್ತಾರೆ, ಅದೇ ತಪ್ಪು. ಮೇಲ್ ಐಡಿಯಿಂದ ಶುರು ಮಾಡಿ.

ಬ್ಲ್ಯಾಕ್‌ಬೆರಿಲಿ ಮೇಲ್ ಬರೋದು ಪೋಸ್ಟ್‌ಮ್ಯಾನ್ ಮನೆಗೆ ತಂದು ಕೊಟ್ಟ ಹಾಗೆ. ನಿಮ್ಮ ಐಡಿ, ಪಾಸ್‌ವರ್ಡ್ ಅವರ ಸರ್ವರ್‌ಗೆ ಕೊಟ್ಟಿರ್ತೀರಿ, ಆ ಸರ್ವರ್ ನಿಮ್ಮ ಮೇಲ್ ಎತ್ಕೊಂಡು, ಸಣ್ಣ ಮಾಡಿ, ಫೋನಿಗೆ ತಳ್ಳುತ್ತೆ. ಹತ್ತು ಐಡಿ ತನಕ ಹಾಕಬಹುದು. ಬೇರೆ ಫೋನಲ್ಲಿ ಸಾಮಾನ್ಯವಾಗಿ ನಾವೇ ಪೋಸ್ಟಾಫೀಸಿಗೆ ಹೋಗಿ ಕೇಳ್ಬೇಕು, ಅಂದ್ರೆ ಫೋನೇ ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಂದ್ಸಲ ನೆಟ್‌ಗೆ ಹೋಗಿ "ಏನಾದ್ರೂ ಬಂತಾ" ಅಂತ ಕೇಳ್ಕೊಂಡು ಬರುತ್ತೆ, ಹಾಗೆ ಹೋದಾಗೆಲ್ಲಾ ಬ್ಯಾಟರಿ ತಿನ್ನುತ್ತೆ. ನೋಕಿಯಾದವರೂ ಈಗ ನೋಕಿಯಾ ಮೆಸೇಜಿಂಗ್ ಅಂತ ಇದೇ ಥರ ತಳ್ಳೋ ಸರ್ವಿಸ್ ಕೊಡ್ತಿದಾರೆ. ಆಫೀಸಲ್ಲಿ ಎಕ್ಸ್‌ಚೇಂಜ್ ಅನ್ನೋ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಇದ್ರೆ ನೋಕಿಯಾಗೆ ಮೇಲ್ ಫಾರ್ ಎಕ್ಸ್‌ಚೇಂಜ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಹಾಕ್ಕೊಂಡ್ರೆ ಬಂದ ಮೇಲ್ ಆಗಲೇ ಕೈಗೆ ಬರುತ್ತೆ, ಅಂಥವರು ಬ್ಲ್ಯಾಕ್‌ಬೆರಿ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ಆಫೀಸಿನವರೇ ಫೋನ್ ಕೊಡ್ತೀವಿ ಅಂದ್ರೆ ಮಾತ್ರ ಅದು ಬೇರೆ ಮಾತು.

ಜಿಮೇಲ್ ಇದ್ರೆ ಎರಡರಲ್ಲೂ ಸಲೀಸು. ಮೊದಲು ಕಂಪ್ಯೂಟರ್‌ನಲ್ಲಿ ಜಿಮೇಲ್ ಸೆಟ್ಟಿಂಗ್‌ಗೆ ಹೋಗಿ ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಉಳಿದು ಫೋನಲ್ಲೂ ಕಾಣೋ ಪದ್ಧತಿ) ಆನ್ ಮಾಡ್ಕೊಳ್ಳಿ, ಇದನ್ನ ಮರೆತು ಫೋನಲ್ಲಿ ಹತ್ತು ಸಲ ಪಾಸ್‌ವರ್ಡ್ ಕುಟ್ಟೋರೇ ಜಾಸ್ತಿ.

ತಲೆನೋವು ಇರೋದು ಮೂರನೇ ಜಾತಿಲಿ. ಸಣ್ಣ ಕಂಪನಿ, ವರ್ಷಕ್ಕಿಷ್ಟು ಅಂತ ಯಾರ ಹತ್ರಾನೋ ಹೋಸ್ಟಿಂಗ್, ಅಂದ್ರೆ ಬಾಡಿಗೆ ಸರ್ವರ್ ಜಾಗ, ತಗೊಂಡಿರ್ತಾರೆ, ಅದರಲ್ಲಿ ಬರೀ ಪಾಪ್3, ಅಂದ್ರೆ ಮೇಲನ್ನ ಸರ್ವರ್‌ನಿಂದ ಇಳಿಸ್ಕೊಳ್ಳೋ ಹಳೇ ಪದ್ಧತಿ. ನನ್ನ ಕಥೆ ಇದೇ. ಫೋನ್ ತಗೊಂಡು ಮೂರು ವಾರ ಆದ್ರೂ ಹತ್ತರಲ್ಲಿ ಎರಡು ಮೇಲ್ ಬರೋದು, ಎಂಟು ಬರ್ತಾನೇ ಇರಲಿಲ್ಲ. ಕಸ್ಟಮರ್ ಕೇರ್‌ಗೆ ಬೈದೆ, ಸಿಮ್ ಬದಲಾಯಿಸಿದೆ, ಊಹೂಂ. ಕೊನೆಗೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಅದೇ ಐಡಿನ ಆಫೀಸಲ್ಲಿ ಅಕೌಂಟ್ಸ್ ಮೇಡಂ ಕಂಪ್ಯೂಟರ್‌ನಲ್ಲೂ ಔಟ್‌ಲುಕ್‌ಗೆ ಹಾಕಿಟ್ಟಿದ್ರು, ಅದು ಐದು ನಿಮಿಷಕ್ಕೊಂದ್ಸಲ ಮೇಲ್ ಎಳ್ಕೊಂಡು ಸರ್ವರ್‌ನಿಂದ ಅಳಿಸಿ ಹಾಕ್ತಿತ್ತು, ಬ್ಲ್ಯಾಕ್‌ಬೆರಿ ಸರ್ವರ್ ಪಾಪ್ ಡಬ್ಬಿ ನೋಡೋದು ಸುಮಾರು ಹದಿನೈದು ನಿಮಿಷಕ್ಕೊಂದ್ಸಲ, ಅದು ಹೋಗೋ ಹೊತ್ತಿಗೆ ಡಬ್ಬಿ ಖಾಲಿ. ಸಂಜೆ ಆರಕ್ಕೆ ಮೇಡಂ ಕಂಪ್ಯೂಟರ್ ಆಫ್ ಮಾಡಿ ಹೋದ್ಮೇಲೆ ಬಂದ ಮೇಲ್ ಮಾತ್ರ ನನಗೆ ಸಿಕ್ತಿತ್ತು! ಔಟ್‌ಲುಕ್ ಅಕೌಂಟ್ ಸೆಟ್ಟಿಂಗ್‌ನಲ್ಲಿ ಸರ್ವರ್‌ನಲ್ಲೂ ಒಂದು ಕಾಪಿ ಬಿಡು ಅನ್ನೋ ಚೌಕಕ್ಕೆ ಟಿಕ್ ಹಾಕಿದ್ವಿ, ಅಷ್ಟೇ, ಮಾರನೇ ದಿನದಿಂದ ಎಲ್ಲಾ ಬಂತು. ಹಾಗಾಗಿ ಪಾಪ್3 ಇರೋರು ಹದಿನೈದು ಸಾವಿರ ಸುರಿಯೋ ಮುಂಚೆ ಈ ಟಿಕ್ ನೋಡಿ, ಇಲ್ಲಾ ಆ ಮೇಲ್ ಎಲ್ಲಾ ಜಿಮೇಲ್‌ಗೆ ಫಾರ್ವರ್ಡ್ ಆಗೋ ಹಾಗೆ ಮಾಡಿ ಜಿಮೇಲನ್ನೇ ಫೋನಿಗೆ ಹಾಕ್ಕೊಳ್ಳಿ, ನಾನು ಈಗ ಹಾಗೇ ಮಾಡಿರೋದು.

ಎರಡನೇದು, ಸಿಮ್ ಮತ್ತು ಟವರ್

ಬ್ಲ್ಯಾಕ್‌ಬೆರಿಗೆ ಮಾಮೂಲಿ ಜಿಪಿಆರ್‌ಎಸ್ (ಮೊಬೈಲ್ ನೆಟ್) ಪ್ಯಾಕ್ ಸಾಕಾಗಲ್ಲ, ಬ್ಲ್ಯಾಕ್‌ಬೆರಿ ಪ್ಲಾನ್ ಅಂತಾನೇ ಬೇರೆ ಹಾಕಿಸ್ಬೇಕು, ತಿಂಗಳಿಗೆ ಕೆಲವು ನೂರು ರೂಪಾಯಿ. ಪ್ಲಾನ್ ತೆಗೆದ್ರೆ ಅದು ಕಾಲ್, ಎಸ್ಸೆಮ್ಮೆಸ್ ಮಾಡೋ ದುಬಾರಿ ಸೆಟ್ ಅಷ್ಟೇ. ನೋಕಿಯಾ ಹಾಗಲ್ಲ, ಯಾವ ಸಿಮ್‌ನ ಯಾವ ನೆಟ್ ಪ್ಯಾಕ್ ಆದ್ರೂ ನಡಿಯುತ್ತೆ, ಹೋಟೆಲಲ್ಲಿ ವೈಫೈ ಸಿಕ್ರೆ ಅದರಲ್ಲೂ ನಡಿಯುತ್ತೆ. ಆದ್ರೆ ಪ್ಯಾಕ್ ಹಾಕಿಸ್ದೇ ಪ್ರೀಪೇಯ್ಡ್‌ನಲ್ಲಿ ಮೇಲ್ ಆನ್ ಮಾಡಿಟ್ರೆ ಕೆಬಿ ಲೆಕ್ಕದಲ್ಲಿ ಬ್ಯಾಲೆನ್ಸ್ ಕಟ್ ಆಗಿ ಸಂಜೆಗೆ ಸೊನ್ನೆ. ಎರಡು ವರ್ಷದ್ದು ಲೆಕ್ಕ ಹಾಕಿ ನೋಡಿ, ಫೋನಿನ ಬೆಲೆಗಿಂತ ಪ್ಲಾನ್ ದುಡ್ಡೇ ಜೋರಾಗಿ ಕಾಣುತ್ತೆ.

ನಂಬರ್ ಇಟ್ಕೊಂಡೇ ಕಂಪನಿ ಬದಲಾಯಿಸೋ ಸೌಲಭ್ಯ ಬರುತ್ತೆ ಬರುತ್ತೆ ಅಂತಿದಾರೆ, ಇನ್ನೂ ಬಂದಿಲ್ಲ. ಅದಕ್ಕೇ ಈಗಿರೋ ಸಿಮ್ ನಿಮ್ಮ ಮನೆ ಒಳಗೆ ಸರಿಯಾಗಿ ಸಿಗುತ್ತಾ ನೋಡ್ಕೊಳ್ಳೋದು ಮುಖ್ಯ. ಸಿಗ್ನಲ್ ಕಡ್ಡಿ ನಂಬಬೇಡಿ. ಬ್ಲ್ಯಾಕ್‌ಬೆರಿಲಿ ಒಂದು ಚಂದದ ಆಟ ಇದೆ, ಆಲ್ಟ್ ಒತ್ತಿ ಹಿಡ್ಕೊಂಡು ಎನ್, ಎಂ, ಎಲ್, ಎಲ್ ಅಂತ ಒತ್ತಿದ್ರೆ ಕಡ್ಡಿ ಹೋಗಿ ನಂಬರ್ ಬರುತ್ತೆ. ಮೈನಸ್ 70 ಅಂದ್ರೆ ಭರ್ಜರಿ, ಮೈನಸ್ 100 ದಾಟಿದ್ರೆ ಕಷ್ಟ. ಷಡ್ಡಕರ ಮನೆಗೆ ಹೋದಾಗ ನನ್ನ 8520ಗೆ ಅವರ ಸಿಮ್ ಹಾಕಿ ಮನೆ ತುಂಬಾ ಓಡಾಡಿದೆ, ನಡುಮನೆಲಿ ಮೈನಸ್ 104, ಜಗಲಿಲಿ ಮೈನಸ್ 97, ಅಡಿಕೆ ಒಣಗಿಸೋ ಅಂಗಳದ ಕಡೆ ಕಿಟಕಿ ಹತ್ರ ಮೈನಸ್ 86. ಅಕ್ಕನವರು ಅಡುಗೆಮನೆಯಿಂದ ಇಣುಕಿ "ಏನು, ವಾಸ್ತು ನೋಡ್ತಿದೀರಾ" ಅಂತ ಕೇಳಿದ್ರು. ಒಂಥರಾ ಹೌದು.

3ಜಿ ಇದೆ ಇದೆ ಅಂತ ಅಂಗಡಿಯವರು ಒತ್ತಿ ಹೇಳ್ತಾರೆ. ಸದ್ಯಕ್ಕೆ ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಬಿಟ್ರೆ ಯಾರೂ 3ಜಿ ಕೊಡ್ತಿಲ್ಲ, ಖಾಸಗಿಯವರ ಹರಾಜೇ ಇನ್ನೂ ಆಗಿಲ್ಲ. ಇ63, ಇ71, ಇ72ರಲ್ಲಿ 3ಜಿ ಇದೆ, 8520ರಲ್ಲಿ ಇಲ್ಲ. ಬರೀ ಮೇಲ್‌ಗೆ ಎಡ್ಜ್ (3ಜಿಗಿಂತ ಹಳೇ, ನಿಧಾನದ ನೆಟ್) ಸಾಕು, ನಾನು ಅದರಲ್ಲೇ ಇದೀನಿ, ಆದ್ರೆ ಎಡ್ಜ್‌ನಲ್ಲಿ ಕಾಲ್ ಮಾತಾಡ್ತಿದ್ದಾಗ ಮೇಲ್ ಬರಲ್ಲ, ಇಟ್ಟ ಮೇಲೆ ಒಟ್ಟಿಗೆ ಬರುತ್ತೆ.

ಇನ್ನೊಂದು ಭಯ ಕೆಲವರಿಗಿದೆ, ಸರ್ಕಾರ ಬ್ಲ್ಯಾಕ್‌ಬೆರಿ ಬಂದ್ ಮಾಡ್ಬಿಟ್ರೆ? 2008ರಲ್ಲಿ ಮೇಲ್ ತೆರೆದು ನೋಡಕ್ಕೆ ಆಗ್ತಿಲ್ಲ ಅಂತ ತಕರಾರು ಎದ್ದಿದ್ದು ನಿಜ, ಬಂದ್ ಏನೂ ಆಗಿಲ್ಲ. ನನಗೆ ಅದಕ್ಕಿಂತ ಜಾಸ್ತಿ ಕಾಡೋದು ಎಲ್ಲಾ ಅವರೊಬ್ಬರ ಸರ್ವರ್ ಮೇಲೇ ನಿಂತಿರೋದು. ಹೋದ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ವಾರದೊಳಗೆ ಎರಡು ಸಲ ಮೇಲ್ ನಿಂತುಹೋಗಿತ್ತು, ಹಾಗಾದಾಗ ಕೈಯಲ್ಲಿರೋ ಫೋನ್ ಎಷ್ಟು ಒಳ್ಳೇದಾದ್ರೂ ಉಪಯೋಗ ಇಲ್ಲ.

ಮೂರನೇದು, ಅಂಗಡಿಲೇ ನಾಲ್ಕು ಸಾಲು ಟೈಪ್ ಮಾಡಿ

ಸ್ಕ್ರೀನ್ ವಿಷಯದಲ್ಲಿ ಇ63, ಇ71, 8520 ಎಲ್ಲಾ ಒಂದೇ, 320 ಇಂಟು 240. ವ್ಯತ್ಯಾಸ ಇರೋದು ಕೀಲಿ. ಬರೀ ಹಲೋ ಅಂತ ಒತ್ತಿ ನೋಡಬೇಡಿ, ನಿಮ್ಮ ಪೂರ್ತಿ ವಿಳಾಸ ಪಿನ್‌ಕೋಡ್ ಸಮೇತ ಟೈಪ್ ಮಾಡಿ, ನಂಬರ್ ಹಾಕೋವಾಗಲೇ ಗೊತ್ತಾಗೋದು ಯಾವ ಫೋನ್ ಕೈಗೆ ಒಗ್ಗುತ್ತೆ ಅಂತ. ಇ71ರ ಕೀಲಿ ಚಿಕ್ಕದು, ಮಧ್ಯ ಉಬ್ಬಿರುತ್ತೆ, ದಪ್ಪ ಬೆರಳಿನವರಿಗೆ ಎರಡು ದಿನ ಕಷ್ಟ, ಆಮೇಲೆ ನೋಡದೇ ಹೊಡೀತೀರಿ. ಬ್ಲ್ಯಾಕ್‌ಬೆರಿಲಿ ಸ್ಪೇಸ್ ಎರಡು ಸಲ ಒತ್ತಿದ್ರೆ ಚುಕ್ಕಿ ಬಿದ್ದು ಮುಂದಿನ ಅಕ್ಷರ ದೊಡ್ಡದಾಗುತ್ತೆ, ಕೀಲಿ ಹಿಡ್ಕೊಂಡ್ರೂ ದೊಡ್ಡಕ್ಷರ ಬರುತ್ತೆ, ಸಣ್ಣ ವಿಷಯ, ದಿನಕ್ಕೆ ಮೂವತ್ತು ಮೇಲ್ ಬರೆಯೋರಿಗೆ ದೊಡ್ಡ ವಿಷಯ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋರು ಮೊದಲ ದಿನವೇ ಪದ ಊಹಿಸೋ ಸೆಟ್ಟಿಂಗ್ ಆಫ್ ಮಾಡಿ, ಇಲ್ಲಾಂದ್ರೆ ನೀವು ಬರೆದಿದ್ದೊಂದು ಹೋಗೋದೊಂದು.

ಕನ್ನಡ ಲಿಪಿಲೇ ಯಾರಾದ್ರೂ ಮೇಲ್ ಕಳಿಸಿದ್ರೆ ನನ್ನ 8520ರಲ್ಲಿ ಬರೀ ಚೌಕ ಡಬ್ಬಿ. ಒಪೆರಾ ಮಿನಿ ಅನ್ನೋ ಬ್ರೌಸರ್ ಹಾಕ್ಕೊಂಡು ಅದರ ಕಾನ್ಫಿಗ್ ಪುಟದಲ್ಲಿ ಕಷ್ಟದ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಅನ್ನೋದನ್ನ ಎಸ್ ಮಾಡಿದ್ರೆ ಕನ್ನಡ ಚಿತ್ರದ ಥರ ಬರುತ್ತೆ, ಜಿಮೇಲ್ ಅಲ್ಲೇ ತೆರೆದು ಓದಬಹುದು. ನಿಧಾನ, ಆದ್ರೆ ಓದಕ್ಕೆ ಆಗುತ್ತೆ. ಬರೆಯೋದು ಮಾತ್ರ ಕೇಳಬೇಡಿ.

ಐಫೋನ್? ಮೇಲ್ ನೋಡಕ್ಕೆ ಅದರಷ್ಟು ಚಂದ ಯಾವುದೂ ಇಲ್ಲ, ಸುಳ್ಳು ಹೇಳಲ್ಲ. 2008ರ ಆಗಸ್ಟ್‌ನಲ್ಲಿ ಇಲ್ಲಿ ಬಂದಾಗ 31,000, ಮುಂದೆ ಪೂರ್ತಿ ಗಾಜು, ಬ್ಯಾಟರಿ ನಾವು ತೆಗೆಯೋ ಹಾಗಿಲ್ಲ, ಒದ್ದೆ ಬೆರಳಲ್ಲಿ ಸ್ಕ್ರೀನ್ ಮಾತು ಕೇಳಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಒಣಗಿರೋ ಬೆರಳು ಯಾರದಿದೆ ಹೇಳಿ.

ನಾಲ್ಕನೇದು, ಮೊದಲು ಯಾವುದು ಹಾಳಾಗುತ್ತೆ?

ಗಟ್ಟಿ ಫೋನ್ ಅಂದ ತಕ್ಷಣ ಜನ ಮೇಲ್ಮೈ ತಟ್ಟಿ ನೋಡ್ತಾರೆ. ಇ71 ತಟ್ಟಿದ್ರೆ ಖುಷಿಯಾಗುತ್ತೆ, ಸ್ಟೀಲ್ ಬಾಡಿ, 127 ಗ್ರಾಂ, ಒಂದು ಸೆಂಟಿಮೀಟರ್ ದಪ್ಪ. ಇ63 ಪ್ಲಾಸ್ಟಿಕ್. ಆದ್ರೆ ಬಿದ್ದಾಗ ಸ್ಟೀಲ್ ನೆಗ್ಗುತ್ತೆ, ಬಣ್ಣ ಗೀರುತ್ತೆ, ಪ್ಲಾಸ್ಟಿಕ್ ಹಿಂದಿನ ಮುಚ್ಚಳ ಹಾರಿ, ಬ್ಯಾಟರಿ ಒಂದು ಕಡೆ ಹೋಗಿ, ಎತ್ತಿ ಜೋಡಿಸಿದ್ರೆ ಮತ್ತೆ ಆನ್ ಆಗುತ್ತೆ. ನೋಡಕ್ಕೆ ಗಾಬರಿ, ಆದ್ರೆ ಬಿದ್ದ ಪೆಟ್ಟು ಹಾಗೇ ಹಂಚಿಹೋಗೋದು ಒಳ್ಳೇದೇ.

ನಿಜವಾಗಿ ಕೈ ಕೊಡೋದು ಮೂರು: ತಿರುಗೋ ಗುಂಡು, ಚಾರ್ಜಿಂಗ್ ತೂತು, ಬ್ಯಾಟರಿ.

ಹಳೇ ಕರ್ವ್ 8310, 8320, ಬೋಲ್ಡ್ 9000 ಇವುಗಳಲ್ಲಿ ಮಧ್ಯ ಒಂದು ಬಿಳೀ ಗುಂಡು ಇರುತ್ತೆ, ಟ್ರ್ಯಾಕ್‌ಬಾಲ್. ಬೆರಳಿನ ಎಣ್ಣೆ, ಜೇಬಿನ ನೂಲು, ರಸ್ತೆ ಧೂಳು ಅಲ್ಲಿ ಸೇರಿದ್ರೆ ಮೇಲೆ ಕೆಳಗೆ ಹೋಗುತ್ತೆ, ಪಕ್ಕಕ್ಕೆ ಹೋಗಲ್ಲ, ಅಥವಾ ಒಂದೇ ದಿಕ್ಕಿಗೆ ಜಾರುತ್ತೆ. ಅಂಗಡಿಗೆ ಓಡೋ ಮುಂಚೆ ಇದನ್ನ ಮಾಡಿ: ಬ್ಯಾಟರಿ ತೆಗೀರಿ, ಒಂದು ಬಿಳಿ ಕಾಗದದ ಮೇಲೆ ಎರಡು ಹನಿ ಸರ್ಜಿಕಲ್ ಸ್ಪಿರಿಟ್ ಹಾಕಿ, ಫೋನ್ ಬೋರಲು ಮಾಡಿ ಗುಂಡನ್ನ ಆ ಒದ್ದೆ ಜಾಗದಲ್ಲಿ ಒತ್ತಿ ಎಲ್ಲಾ ದಿಕ್ಕಿಗೂ ಉರುಳಿಸಿ, ಚಪಾತಿ ಲಟ್ಟಿಸಿದ ಹಾಗೆ. ಕಾಗದದ ಮೇಲೆ ಕಪ್ಪು ಗೆರೆ ಬೀಳ್ತಾ ಹೋಗುತ್ತೆ, ಗೆರೆ ಬೀಳೋದು ನಿಂತಾಗ ಒಣ ಕಾಗದದ ಮೇಲೆ ಉರುಳಿಸಿ, ಹತ್ತು ನಿಮಿಷ ಬಿಟ್ಟು ಬ್ಯಾಟರಿ ಹಾಕಿ. ಹೆಚ್ಚಿನ ಸಲ ಸರಿ ಹೋಗುತ್ತೆ. ಹೊಸ 8520 ಮತ್ತು ಬೋಲ್ಡ್ 9700ರಲ್ಲಿ ಗುಂಡೇ ಇಲ್ಲ, ಬೆರಳು ಸವರೋ ಪ್ಯಾಡ್, ಒಳಗೆ ಧೂಳು ಹೋಗೋ ಸಂದಿನೇ ಇಲ್ಲ. 8520ರ ಪಕ್ಕ, ಮೇಲೆ ಎಲ್ಲಾ ರಬ್ಬರ್ ಸುತ್ತಿದೆ, ಹಾಡಿನ ಬಟನ್‌ಗಳೂ ರಬ್ಬರ್ ಅಡಿಲಿ. ಬ್ಲ್ಯಾಕ್‌ಬೆರಿನೇ ಬೇಕು ಅನ್ನೋ ಬೈಕ್ ಜನಕ್ಕೆ ನನ್ನ ಓಟು ಇದಕ್ಕೇ, ಬೋಲ್ಡ್ 9000 ಎಷ್ಟೇ ಠೀವಿಯಾಗಿರಲಿ.

ಚಾರ್ಜರ್ ವಿಷಯಕ್ಕೆ ಬಂದ್ರೆ ನೋಕಿಯಾದವರು ಗೆದ್ದೇಬಿಟ್ರು. ಸಣ್ಣ ಪಿನ್ ಚಾರ್ಜರ್ ಇಲ್ಲದ ಮನೆ ಇಲ್ಲ, ರೀಚಾರ್ಜ್ ಅಂಗಡಿ ಇಲ್ಲ, ಬಸ್‌ಸ್ಟ್ಯಾಂಡ್ ಹೋಟೆಲ್ ಗಲ್ಲಾ ಇಲ್ಲ. ಟೀ ಕುಡಿಯೋ ಹೊತ್ತಲ್ಲಿ ಎರಡು ಕಡ್ಡಿ ಏರಿಸ್ಕೊಂಡು ಹೊರಡಬಹುದು. 8520ಗೆ ಮೈಕ್ರೋ ಯುಎಸ್‌ಬಿ, ಹಳೇ 8310ಗೆ ಮಿನಿ ಯುಎಸ್‌ಬಿ, ಎರಡೂ ಬೇರೆ ಬೇರೆ, ಚಾರ್ಜರ್ ಮರೆತು ಹಳ್ಳಿ ಕಡೆ ಹೋದ್ರೆ ಅಲ್ಲಿಗೆ ಮುಗೀತು. ಬ್ಯಾಟರಿನೂ ಹಾಗೇ, ಇ63, ಇ71, ಇ72 ಮೂರಕ್ಕೂ ಒಂದೇ ಬಿಪಿ-4ಎಲ್, 1500 ಎಂಎಎಚ್. ಕರ್ವ್‌ಗೆ ಸಿ-ಎಸ್2, 8520ರಲ್ಲಿ 1150. ಎರಡನೇ ಬ್ಯಾಟರಿ ತಗೊಂಡ್ರೆ ಫುಟ್‌ಪಾತ್‌ದು ಬೇಡ, ಹೊಲೋಗ್ರಾಂ ಸ್ಟಿಕರ್ ನೋಡಿ ತಗೊಳ್ಳಿ. ಅಸಲಿಯಲ್ಲೇ ತಪ್ಪಾಗಬಹುದು ಅಂತ 2007ರಲ್ಲೇ ಗೊತ್ತಾಯ್ತಲ್ಲ, ಬಿಎಲ್-5ಸಿ ಬ್ಯಾಟರಿ 4.6 ಕೋಟಿ ಬಗ್ಗೆ ನೋಕಿಯಾನೇ ಎಚ್ಚರಿಕೆ ಕೊಟ್ಟು ಬದಲಾಯಿಸಿ ಕೊಡ್ತೀವಿ ಅಂದಿತ್ತು, ಇನ್ನು ನಕಲಿ ಕಥೆ ಏನು.

ಮಳೆಗೆ ಯಾವುದೂ ಜಗ್ಗಲ್ಲ ಅಂತ ಅನ್ಕೋಬೇಡಿ. ಹೋದ ಜುಲೈನಲ್ಲಿ ರೈನ್‌ಕೋಟ್ ಜೇಬಿನ ಜಿಪ್ ಹಾಕೋದು ಮರೆತು ಸಾಗರದಿಂದ ಶಿವಮೊಗ್ಗ ತನಕ ಬಂದೆ, ಇಳಿದು ನೋಡಿದ್ರೆ ಫೋನ್ ಜೇಬಿನ ನೀರಲ್ಲಿ ಕೂತಿತ್ತು. ತಪ್ಪು ನಂದೇ. ಹಾಗಾದಾಗ ಆನ್ ಆಗುತ್ತಾ ಅಂತ ಒತ್ತಿ ನೋಡಲೇಬೇಡಿ, ಮೊದಲು ಬ್ಯಾಟರಿ ಕಿತ್ತು, ಸಿಮ್, ಮೆಮೊರಿ ಕಾರ್ಡ್ ತೆಗೆದು, ಬಟ್ಟೆಲಿ ಒರೆಸಿ, ಎರಡು ದಿನ ಗಾಳಿಗೆ ಇಡಿ. ನಮ್ಮಮ್ಮ ಅಕ್ಕಿ ಡಬ್ಬಿಲಿ ಹೂತಿಟ್ರು, ಮೂರನೇ ದಿನ ಆನ್ ಆಯ್ತು, ಅಕ್ಕಿಯಿಂದಾನೋ ಮೂರು ದಿನ ಮುಟ್ಟದೇ ಇದ್ದಿದ್ದರಿಂದಾನೋ. ಅಡಿಕೆ ಪೊಟ್ಟಣದ ಜಿಪ್ ಇರೋ ಪ್ಲಾಸ್ಟಿಕ್ ಕವರ್ ಬೈಕ್ ಜನಕ್ಕೆ ಸಾವಿರ ರೂಪಾಯಿ ಪೌಚ್‌ಗಿಂತ ಮೇಲು.

ಐದನೇದು, ಸೆಕೆಂಡ್ ಹ್ಯಾಂಡ್ ಆದ್ರೆ

ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ, ಬರೋ ಹದಿನೈದಂಕಿ ಐಎಂಇಐ (ಆ ಫೋನಿನ ಗುರುತಿನ ನಂಬರ್) ಬ್ಯಾಟರಿ ಅಡಿ ಸ್ಟಿಕರ್‌ನಲ್ಲಿ ಇರೋದಕ್ಕೆ ಸರಿ ಇದೆಯಾ ನೋಡಿ. ಹೋದ ಡಿಸೆಂಬರ್ 1ರಿಂದ ಸರಿಯಾದ ಐಎಂಇಐ ಇಲ್ಲದ ಫೋನಿಗೆ ಕಾಲ್ ಹೋಗಲ್ಲ. ಇ71 ಅಂತ ಬರೆದು ಎರಡು ಸಿಮ್, ಟಿವಿ ಆಂಟೆನಾ ಇದ್ರೆ ಅದು ಚೈನಾ ಸೆಟ್, ಅಸಲಿ ಇ71ರಲ್ಲಿ ಎರಡೂ ಇಲ್ಲ. ಬ್ಯಾಟರಿ ಜಾಗದಲ್ಲಿ ಸಣ್ಣ ಬಿಳಿ ಚುಕ್ಕೆ ಸ್ಟಿಕರ್ ಇರುತ್ತೆ, ಕೆಂಪಾಗಿದ್ರೆ ನೀರು ಕುಡಿದಿದೆ.

ಹಳೇ ಬ್ಲ್ಯಾಕ್‌ಬೆರಿಗೆ ಇನ್ನೆರಡು. ಒಂದು, ಅದರ ಎಂಟಕ್ಷರದ ಪಿನ್ (ಪಾಸ್‌ವರ್ಡ್ ಅಲ್ಲ, ಆ ಫೋನಿನ ಗುರುತು) ಹಿಂದಿನವರ ಮೇಲ್ ಅಕೌಂಟ್‌ಗೇ ಗಂಟು ಬಿದ್ದಿರಬಹುದು, ಅವರೇ ಬಿಡಿಸಿ ಕೊಡ್ಬೇಕು. ಎರಡನೇದು ಇನ್ನೂ ಕೆಟ್ಟದ್ದು: ಕಂಪನಿ ಕೊಟ್ಟಿದ್ದ ಫೋನಾದ್ರೆ ಆ ಕಂಪನಿ ಐಟಿ ಪಾಲಿಸಿ, ಅಂದ್ರೆ ಅವರು ಹಾಕಿದ ಕಟ್ಟುಪಾಡು, ಒಳಗೇ ಕೂತಿರುತ್ತೆ, ವೈಪ್ ಮಾಡಿ ಪೂರ್ತಿ ಅಳಿಸಿದ್ರೂ ಹೋಗಲ್ಲ, ಹೊಸ ಅಪ್ಲಿಕೇಶನ್ ಹಾಕಕ್ಕೆ ಬಿಡಲ್ಲ, ನಾಲ್ಕು ನಿಮಿಷಕ್ಕೊಂದ್ಸಲ ಪಾಸ್‌ವರ್ಡ್ ಕೇಳುತ್ತೆ. ಆಪ್ಷನ್ಸ್‌ನಲ್ಲಿ ಸೆಕ್ಯೂರಿಟಿಗೆ ಹೋಗಿ ನೋಡಿ, ಪಾಲಿಸಿ ಹೆಸರು ಕಂಡ್ರೆ ಎಷ್ಟು ಕಮ್ಮಿಗೆ ಕೊಟ್ರೂ ವಾಪಸ್ ಇಡಿ.

ಕೊನೇದು, ಮೇಲ್ ಬರೋ ತನಕ ಅಂಗಡಿ ಬಿಡಬೇಡಿ

ದುಡ್ಡು ಕೊಡೋ ಮುಂಚೆ ನಿಮ್ಮ ಸಿಮ್ ಹಾಕಿ, ಐಡಿ ಹಾಕಿ, ನಿಮಗೆ ನೀವೇ ಒಂದು ಪಿಡಿಎಫ್ ಸೇರಿಸಿ ಮೇಲ್ ಕಳಿಸ್ಕೊಂಡು ಕಾಯಿರಿ. ಬ್ಲ್ಯಾಕ್‌ಬೆರಿಲಿ ಮೇಲ್ಗಡೆ ಮೂಲೆಲಿ ಎಡ್ಜ್ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರ್ತಿದ್ರೆ ಪ್ಲಾನ್ ಇನ್ನೂ ಹತ್ತಿಲ್ಲ ಅಂತ ಅರ್ಥ, ದೊಡ್ಡಕ್ಷರ ಆಗ್ಬೇಕು. ಆಗ್ದೇ ಇದ್ರೆ ಆಪ್ಷನ್ಸ್, ಅಡ್ವಾನ್ಸ್ಡ್, ಹೋಸ್ಟ್ ರೂಟಿಂಗ್ ಟೇಬಲ್‌ಗೆ ಹೋಗಿ ಮೆನುನಲ್ಲಿ ರಿಜಿಸ್ಟರ್ ನೌ ಒತ್ತಿ, ಆಗಲೂ ಇಲ್ಲ ಅಂದ್ರೆ ಬ್ಯಾಟರಿ ಕಿತ್ತು ಹಾಕಿ, ಆಮೇಲೆ ಕಸ್ಟಮರ್ ಕೇರ್. "ಇಪ್ಪತ್ನಾಕು ಗಂಟೆಲಿ ತಾನೇ ಆಗುತ್ತೆ ಸರ್" ಅಂತ ಕಳಿಸಿಬಿಡ್ತಾರೆ, ನನಗೆ ಆ ಇಪ್ಪತ್ನಾಕು ಗಂಟೆ ಆರು ದಿನ ಆಗಿತ್ತು. ನೋಕಿಯಾದಲ್ಲಿ ಮೇಲ್ ಬರಲಿಲ್ಲ ಅಂದ್ರೆ ಮುಕ್ಕಾಲುಪಾಲು ಎಪಿಎನ್ (ಫೋನ್ ನೆಟ್‌ಗೆ ಹೋಗೋ ದಾರಿಯ ಸೆಟ್ಟಿಂಗ್) ತಪ್ಪು, ಆಪರೇಟರ್‌ದು ವ್ಯಾಪ್ ಸೆಟ್ಟಿಂಗ್ ಕೂತಿರುತ್ತೆ, ಇಂಟರ್ನೆಟ್‌ದು ಆರಿಸಿ.

ಷಡ್ಡಕರು ಕೊನೆಗೆ ಇ63 ತಗೊಂಡ್ರು. ಜಿಮೇಲ್, ಮಾಮೂಲಿ ನೆಟ್ ಪ್ಯಾಕ್, ಸಣ್ಣ ಪಿನ್ ಚಾರ್ಜರ್ ಮನೇಲೇ ಮೂರಿದೆ. ಇ71ರ ಜಿಪಿಎಸ್ಸು, ಒಳ್ಳೇ ಕ್ಯಾಮರಾ ಇದರಲ್ಲಿಲ್ಲ, ಅವರಿಗೆ ಬೇಕಾಗೂ ಇಲ್ಲ, ತೋಟದ ದಾರಿ ಗೊತ್ತಿಲ್ಲದೇ ಇರೋದು ಬರೋ ಗೆಸ್ಟ್‌ಗಳಿಗೆ. ಅಂಗಡಿಲಿ ಅವರ ಮನಸ್ಸು ಗೆದ್ದಿದ್ದು ಸ್ಪೇಸ್ ಕೀಲಿ ಒತ್ತಿ ಹಿಡಿದ್ರೆ ಹತ್ತೋ ಟಾರ್ಚು, ಕರೆಂಟ್ ಹೋದ ಮೇಲೆ ಕೊಟ್ಟಿಗೆಗೆ ಹೋಗೋರಿಗೆ ಅದಕ್ಕಿಂತ ದೊಡ್ಡ ಫೀಚರ್ ಯಾವುದಿದೆ. ಮೇಲ್ ಅರ್ಧ ಗಂಟೆಗೊಂದ್ಸಲ ನೋಡೋ ಹಾಗೆ ಹಾಕಿ ಕೊಟ್ಟಿದೀನಿ, ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರ ತನಕ ಮಾತ್ರ. ಫೋನ್ ಇರೋದು ಅಂಗಳದ ಕಡೆ ಕಿಟಕಿ ಮೇಲೆ, ಮೈನಸ್ 86 ಸಿಕ್ಕಿದ ಜಾಗದಲ್ಲೇ, ಮೇಲ್ ಬಂದು ಕುಯ್ ಅಂದ್ರೆ ಅಡಿಕೆ ಹರವ್ತಾ ಇರೋರಲ್ಲಿ ಯಾರಾದ್ರೂ ಕೂಗಿ ಹೇಳ್ತಾರೆ.